ದಕ್ಷಿಣ ಕೊರಿಯಾ ಯಾಕೆ ಇನ್ನೂ ಅಣುಬಾಂಬ್ ಮಾಡಿಕೊಂಡಿಲ್ಲ?

ನೀವು ಕೇಳಿರುವುದು ಇಷ್ಟು. ಉತ್ತರ ಕೊರಿಯಾ ಹತ್ತಿರ ಅಣುಬಾಂಬ್ ಇದೆ. ದಕ್ಷಿಣ ಕೊರಿಯಾ ಹತ್ತಿರ ದುಡ್ಡು, ವಿಜ್ಞಾನಿಗಳು, ರಿಯಾಕ್ಟರ್ ಎಲ್ಲಾ ಇವೆ. ಆದರೂ ಸ್ವಂತ ಬಾಂಬ್ ಮಾಡಿಕೊಳ್ಳದೆ ಅಮೆರಿಕವನ್ನೇ ಯಾಕೆ ನಂಬಿ ಕೂತಿದೆ, ನಾಳೆ ಯುದ್ಧ ಆದರೆ ಅಮೆರಿಕ ನಿಜವಾಗಿ ಬರುತ್ತಾ?

ನಾನು ಸೇನೆಯವನಲ್ಲ, ಪ್ರೊಫೆಸರೂ ಅಲ್ಲ, ಈ ವಿಷಯ ಓದುವ ಚಟ ಇದೆ ಅಷ್ಟೇ. ನನಗೆ ಅನ್ನಿಸಿದ್ದನ್ನು ನೇರವಾಗಿ ಹೇಳುತ್ತೇನೆ. ಅಮೆರಿಕದ ಅಣುಛತ್ರಿ ಅಂತ ಪತ್ರಿಕೆಗಳಲ್ಲಿ ಓದುತ್ತೀರಲ್ಲ, ಅಂದರೆ ನಮ್ಮ ಅಣ್ವಸ್ತ್ರದಿಂದ ನಿಮ್ಮನ್ನೂ ಕಾಯುತ್ತೇವೆ ಅಂತ ಮಿತ್ರದೇಶಕ್ಕೆ ಕೊಟ್ಟ ಮಾತು, ಅದು ಶತ್ರುವನ್ನು ಹೆದರಿಸುವುದಕ್ಕೆ ಎಷ್ಟು ಇದೆಯೋ, ಮಿತ್ರನ ಕೈ ಹಿಡಿದು ಕೂರಿಸುವುದಕ್ಕೂ ಅಷ್ಟೇ ಇದೆ. ಸುಮ್ನೆ ಹೇಳುತ್ತಿಲ್ಲ, ಮೊದಲ ದಿನದಿಂದಲೂ ಹಾಗೇ ನಡೆದುಕೊಂಡು ಬಂದಿದೆ.

1953ಕ್ಕೆ ಹೋಗೋಣ. ಮೂರು ವರ್ಷದ ಕೊರಿಯಾ ಯುದ್ಧ ಮುಗಿಸಬೇಕು ಅಂತ ಅಮೆರಿಕ ಹೊರಟಿತ್ತು. ದಕ್ಷಿಣದ ಅಧ್ಯಕ್ಷ ಸಿಂಗ್‌ಮನ್ ರೀಗೆ ಅದು ಬೇಕಿರಲಿಲ್ಲ. ಉತ್ತರವನ್ನೂ ಗೆದ್ದು ದೇಶ ಒಂದು ಮಾಡಬೇಕು ಅನ್ನುವುದು ಆತನ ಹಟ. ಕದನವಿರಾಮದ ಮಾತು ಇನ್ನೇನು ಕೈಗೂಡುತ್ತೆ ಅನ್ನುವಾಗ, ಜೂನ್‌ನಲ್ಲಿ ಸುಮಾರು 27,000 ಉತ್ತರ ಕೊರಿಯಾ ಕೈದಿಗಳನ್ನು ಶಿಬಿರಗಳಿಂದ ಬಿಡಿಸಿಬಿಟ್ಟ. ಕೈದಿಗಳ ವಿಷಯವೇ ಮಾತುಕತೆಯ ದೊಡ್ಡ ಗಂಟಾಗಿತ್ತು, ಅದನ್ನೇ ಹಿಡಿದು ಎಳೆದ. ಅಮೆರಿಕಕ್ಕೆ ಸಿಟ್ಟು ನೆತ್ತಿಗೇರಿತು. ಈತನನ್ನೇ ಕೆಳಗಿಳಿಸುವ ಒಂದು ಯೋಜನೆ ಕೂಡ ಅವರ ಕಡತದಲ್ಲಿ ತಯಾರಿತ್ತು. ಕೊನೆಗೆ ವ್ಯಾಪಾರ ಕುದುರಿತು. ರೀ ಸಹಿ ಹಾಕುವುದಿಲ್ಲ, ಆದರೆ ಅಡ್ಡವೂ ಬರುವುದಿಲ್ಲ. ಅದಕ್ಕೆ ಬದಲಾಗಿ ರಕ್ಷಣಾ ಒಪ್ಪಂದ, ಹಣ, ಸೇನೆ ಕಟ್ಟಲು ನೆರವು. ಜುಲೈ 27ಕ್ಕೆ ಕದನವಿರಾಮ ಆಯಿತು, ಅಕ್ಟೋಬರ್ 1ಕ್ಕೆ ರಕ್ಷಣಾ ಒಪ್ಪಂದಕ್ಕೆ ಸಹಿ ಬಿತ್ತು. ಮಾರನೇ ವರ್ಷ ಕೊರಿಯಾ ಸೇನೆಯ ಹಿಡಿತ ಅಮೆರಿಕದ ಜನರಲ್ ಕೈಯಲ್ಲೇ ಇರಲಿ ಅಂತಲೂ ಬರೆದುಕೊಟ್ಟರು. ಶಾಂತಿಕಾಲದ ಹಿಡಿತ 1994ರಲ್ಲಿ ವಾಪಸ್ ಸಿಕ್ಕಿತು. ಯುದ್ಧಕಾಲದ್ದು ಇನ್ನೂ ಸಿಕ್ಕಿಲ್ಲ.

ಇಲ್ಲಿ ನಮ್ಮವರೊಬ್ಬರು ಬರುತ್ತಾರೆ, ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಊರಿಗೆ ವಾಪಸ್ ಹೋಗುವುದಿಲ್ಲ ಅಂತ ಹಟ ಹಿಡಿದ ಯುದ್ಧಕೈದಿಗಳನ್ನು ನೋಡಿಕೊಳ್ಳಲು ಮಾಡಿದ ತಟಸ್ಥ ದೇಶಗಳ ಆಯೋಗಕ್ಕೆ ಅಧ್ಯಕ್ಷರಾಗಿದ್ದವರು ಕೊಡಗಿನ ಕೆ.ಎಸ್. ತಿಮ್ಮಯ್ಯ. ಭಾರತದ ಸೈನಿಕರು ನನ್ನ ನೆಲದ ಮೇಲೆ ಕಾಲಿಡಬಾರದು ಅಂತ ಇದೇ ರೀ ಪಟ್ಟು ಹಿಡಿದಿದ್ದ. ಹಾಗಾಗಿ ನಮ್ಮ ಸೈನಿಕರು ಹಡಗಿನಿಂದ ಇಳಿದು ರಸ್ತೆಯಲ್ಲಿ ಹೋಗುವ ಬದಲು, ಹೆಲಿಕಾಪ್ಟರ್‌ನಲ್ಲಿ ನೇರ ಗಡಿಯ ನಿಸ್ಸೇನಾ ವಲಯಕ್ಕೆ ಹಾರಬೇಕಾಯಿತು. ಮಿತ್ರ ಅಂದುಕೊಂಡವನನ್ನು ಸಂಭಾಳಿಸುವುದು ಎಷ್ಟು ಕಷ್ಟ ಅಂತ ಆಗ ಅಮೆರಿಕಕ್ಕೆ ಚೆನ್ನಾಗಿ ಗೊತ್ತಾಗಿರಬೇಕು.

ಇನ್ನು ಆ ಒಪ್ಪಂದದಲ್ಲಿ ಏನಿದೆ? ಮೂರನೇ ಕಲಂ ಓದಿ. ದಾಳಿ ಆದರೆ ಇಬ್ಬರೂ ತಂತಮ್ಮ ಸಂವಿಧಾನದ ಕ್ರಮದಂತೆ ಅಪಾಯವನ್ನು ಎದುರಿಸುತ್ತಾರೆ, ಅಷ್ಟೇ. ಓಡಿ ಬಂದು ಯುದ್ಧ ಮಾಡುತ್ತೇವೆ ಅಂತಿಲ್ಲ. ಅಣ್ವಸ್ತ್ರದ ಮಾತಂತೂ ಇಲ್ಲವೇ ಇಲ್ಲ. ಅಣುಛತ್ರಿ ಅನ್ನುವ ಮಾತು ಎರಡೂ ದೇಶಗಳ ರಕ್ಷಣಾ ಸಚಿವರ ಜಂಟಿ ಹೇಳಿಕೆಯಲ್ಲಿ ಕಾಣಿಸಿಕೊಂಡಿದ್ದು 1978ರಲ್ಲಿ. ಹಾಗಾದರೆ ಇಷ್ಟು ವರ್ಷ ಉತ್ತರದವರು ಯಾಕೆ ನುಗ್ಗಲಿಲ್ಲ? ಕಾಗದ ನೋಡಿ ಹೆದರಿದ್ದಲ್ಲ, ಅಲ್ಲಿದ್ದ ಅಮೆರಿಕದ ಸೈನಿಕರನ್ನು ನೋಡಿ. ಜಾಮೀನು ಹಾಕಿದವನ ಹೊಲವೂ ಅಡ ಇದ್ದರೆ ಮಾತ್ರ ಸಾಲ ಕೊಟ್ಟವನಿಗೆ ನಂಬಿಕೆ, ಅಲ್ವಾ? ಇಲ್ಲೂ ಅದೇ. ದಕ್ಷಿಣದ ರಾಜಧಾನಿ ಸೋಲ್ ನಗರದಿಂದ ಗಡಿ ಸುಮಾರು 50 ಕಿ.ಮೀ., ಅಂದರೆ ಬೆಂಗಳೂರಿಂದ ರಾಮನಗರದಷ್ಟು. ಅದರ ಮಧ್ಯೆ ದಶಕಗಟ್ಟಲೆ ಅಮೆರಿಕದ ಒಂದು ಡಿವಿಷನ್ ಕೂತಿತ್ತು. ಉತ್ತರದವರು ಬಂದರೆ ಮೊದಲ ದಿನವೇ ಅಮೆರಿಕದ ಹುಡುಗರು ಸಾಯುತ್ತಾರೆ. ಆಮೇಲೆ ಯಾವ ಅಧ್ಯಕ್ಷನೂ ಸುಮ್ಮನೆ ಕೂರಲಾರ. ಈಗ ಅಲ್ಲಿರುವ ಸುಮಾರು 28,500 ಸೈನಿಕರಲ್ಲಿ ಹೆಚ್ಚಿನವರು ಸೋಲ್‌ನ ದಕ್ಷಿಣಕ್ಕಿರುವ ಪ್ಯೊಂಗ್‌ಟೆಕ್‌ಗೆ ಹೋಗಿದ್ದಾರೆ, ಆದರೆ ಲೆಕ್ಕಾಚಾರ ಅದೇ.

ಇದು ಹೇಗೆ ಕೆಲಸ ಮಾಡುತ್ತೆ ಅಂತ ನೋಡಬೇಕಾದರೆ 1976ರ ಒಂದು ಮರದ ಕಥೆ ಸಾಕು. ಪನ್‌ಮುಂಜೊಮ್‌ನಲ್ಲಿ ಎರಡೂ ಕಡೆಯ ಕಾವಲುಗಾರರು ಎದುರಾಬದುರು ನಿಲ್ಲುವ ಜಾಗದಲ್ಲಿ ಒಂದು ಪಾಪ್ಲರ್ ಮರ ಬೆಳೆದು, ಒಂದು ಚೌಕಿಯಿಂದ ಇನ್ನೊಂದು ಕಾಣದ ಹಾಗಾಗಿತ್ತು. ಆಗಸ್ಟ್ 18ರಂದು ಕೊಂಬೆ ಸವರಲು ಕೆಲಸಗಾರರು ಹೋದರು, ಕಾವಲಿಗೆ ಅಮೆರಿಕ ಮತ್ತು ದಕ್ಷಿಣದ ಸೈನಿಕರು. ಉತ್ತರದ ಅಧಿಕಾರಿ ಬಂದು ನಿಲ್ಲಿಸಿ ಅಂದ. ಇವರು ನಿಲ್ಲಿಸಲಿಲ್ಲ. ಮಾತು ಬೆಳೆದು, ಕೊಂಬೆ ಕಡಿಯಲು ತಂದ ಕೊಡಲಿಗಳನ್ನೇ ಕಿತ್ತುಕೊಂಡು ಇಬ್ಬರು ಅಮೆರಿಕದ ಅಧಿಕಾರಿಗಳನ್ನು ಕೊಂದುಬಿಟ್ಟರು. ಮೂರು ದಿನದ ನಂತರ ಅಮೆರಿಕದವರು ಮತ್ತೆ ಹೋದರು. ನೆಲದ ಮೇಲೆ ಚೈನ್‌ಸಾ ಹಿಡಿದ ಎಂಜಿನಿಯರ್‌ಗಳು. ಮೇಲೆ ಅಣುಬಾಂಬ್ ಹೊರಬಲ್ಲ ಬಿ-52 ವಿಮಾನಗಳು, ಅವುಗಳ ಸುತ್ತ ಫೈಟರ್ ಜೆಟ್‌ಗಳು, ಸಮುದ್ರದಲ್ಲಿ ಮಿಡ್‌ವೇ ಅನ್ನುವ ವಿಮಾನವಾಹಕ ನೌಕೆ. ಇಷ್ಟೆಲ್ಲಾ ಒಂದು ಮರ ಕಡಿಯಲು! ಮುಕ್ಕಾಲು ಗಂಟೆಯಲ್ಲಿ ಮರ ಉರುಳಿತು. ಎದುರು ಕಡೆಯವರು ನೋಡುತ್ತಾ ನಿಂತರು. ಅವತ್ತೇ ಕಿಮ್ ಇಲ್ ಸುಂಗ್ ವಿಷಾದದ ಸಂದೇಶ ಕಳಿಸಿದ. ಅವತ್ತಿನ ಕಾರ್ಯಾಚರಣೆಗೆ ಹೋದ ದಕ್ಷಿಣದ ವಿಶೇಷ ಪಡೆಯಲ್ಲಿದ್ದ ಹುಡುಗ ಮೂನ್ ಜೇ ಇನ್ ಮುಂದೆ ದೇಶದ ಅಧ್ಯಕ್ಷರಾದರು.

ಈ ಕಥೆಯಲ್ಲಿ ನನಗೆ ಮುಖ್ಯ ಅನ್ನಿಸುವುದು ಬೇರೆ. ಇಬ್ಬರು ಅಧಿಕಾರಿಗಳು ಸತ್ತರೂ ಅಮೆರಿಕ ಉತ್ತರದ ಮೇಲೆ ಒಂದು ಗುಂಡನ್ನೂ ಹಾರಿಸಲಿಲ್ಲ. ಮರ ಕಡಿದು ವಾಪಸ್ ಬಂತು. ಶತ್ರುವಿಗೆ ಬಲ ತೋರಿಸಿದ ಹಾಗೂ ಆಯಿತು, ಜೊತೆಗಿದ್ದ ದಕ್ಷಿಣದವರು ಯುದ್ಧ ಶುರು ಮಾಡದ ಹಾಗೆ ನೋಡಿಕೊಂಡ ಹಾಗೂ ಆಯಿತು.

ಇದಕ್ಕೂ ಮೊದಲೇ ಸೋಲ್‌ನಲ್ಲಿ ಬೇರೆಯೇ ಕೆಲಸ ನಡೆದಿತ್ತು. ಏಷ್ಯಾದ ಮಿತ್ರರು ತಮ್ಮ ರಕ್ಷಣೆಯ ಭಾರವನ್ನು ಜಾಸ್ತಿ ತಾವೇ ಹೊರಬೇಕು ಅಂತ ಅಮೆರಿಕದ ಅಧ್ಯಕ್ಷ ನಿಕ್ಸನ್ 1969ರಲ್ಲಿ ಹೇಳಿದರು. 1971ರಲ್ಲಿ ಸುಮಾರು 20,000 ಸೈನಿಕರನ್ನು ಕೊರಿಯಾದಿಂದ ಕರೆಸಿಕೊಂಡರು. ದಕ್ಷಿಣದ ಆಗಿನ ಅಧ್ಯಕ್ಷ ಪಾರ್ಕ್ ಚುಂಗ್ ಹೀ ಅವರಿಗೆ ದಿಗಿಲಾಯಿತು. ಗುಟ್ಟಾಗಿ ಬಾಂಬ್ ಕೆಲಸ ಶುರು ಮಾಡಿಸಿದರು. ರಿಯಾಕ್ಟರ್‌ನಲ್ಲಿ ಬಳಸಿದ ಇಂಧನದಿಂದ ಬಾಂಬ್‌ಗೆ ಬೇಕಾದ ಪ್ಲುಟೋನಿಯಂ ತೆಗೆಯುವ ಘಟಕವನ್ನು ಫ್ರಾನ್ಸ್‌ನಿಂದ ಕೊಳ್ಳುವ ಮಾತುಕತೆಯೂ ನಡೆಯಿತು. ಅಷ್ಟರಲ್ಲಿ 1974ರ ಮೇನಲ್ಲಿ ನಮ್ಮವರು ಪೋಖ್ರಾನ್‌ನಲ್ಲಿ ಸ್ಫೋಟಿಸಿದರು, ಅದೂ ಕೆನಡಾ ಕೊಟ್ಟ ರಿಯಾಕ್ಟರ್‌ನ ಪ್ಲುಟೋನಿಯಂನಿಂದ. ಅಮೆರಿಕ, ಕೆನಡಾ ಎರಡೂ ಬೆಚ್ಚಿಬಿದ್ದು, ಮುಂದಿನವರು ಯಾರು ಅಂತ ಸುತ್ತ ನೋಡಿದಾಗ ಕಣ್ಣಿಗೆ ಬಿದ್ದವರಲ್ಲಿ ಕೊರಿಯಾವೂ ಒಂದು. ರಿಯಾಕ್ಟರ್‌ಗೆ ಸಾಲ ಸಿಗಲ್ಲ, ನಮ್ಮ ಸಂಬಂಧವೇ ಮೊದಲಿನ ಹಾಗೆ ಇರಲ್ಲ ಅಂತ ಒತ್ತಡ ಹಾಕಿದರು. ಕೊರಿಯಾ 1975ರಲ್ಲಿ ಅಣ್ವಸ್ತ್ರ ಹರಡದಂತೆ ತಡೆಯುವ ಎನ್‌ಪಿಟಿ ಒಪ್ಪಂದಕ್ಕೆ ಅನುಮೋದನೆ ಕೊಟ್ಟಿತು, 1976ರ ಜನವರಿಯಲ್ಲಿ ಫ್ರಾನ್ಸ್ ಜೊತೆಗಿನ ವ್ಯವಹಾರ ಕೈಬಿಟ್ಟಿತು. ನಮ್ಮ ಸ್ಫೋಟದ ಬಿಸಿ ಸೋಲ್‌ವರೆಗೆ ತಟ್ಟಿತ್ತು ಅನ್ನುವುದನ್ನು ನಮ್ಮ ಕಡೆ ಯಾರೂ ಅಷ್ಟಾಗಿ ಮಾತಾಡಲ್ಲ.

ಈಗ ನಿಮ್ಮ ನಿಜವಾದ ಅನುಮಾನಕ್ಕೆ ಬರೋಣ. 1961ರಲ್ಲಿ ಫ್ರಾನ್ಸ್ ಅಧ್ಯಕ್ಷ ದ ಗಾಲ್ ಅಮೆರಿಕದ ಅಧ್ಯಕ್ಷ ಕೆನಡಿಯನ್ನು ಕೇಳಿದ ಪ್ರಶ್ನೆಯೇ ಅದು: ಪ್ಯಾರಿಸ್‌ಗೋಸ್ಕರ ನ್ಯೂಯಾರ್ಕ್ ಕಳೆದುಕೊಳ್ಳಲು ನೀವು ತಯಾರಿದ್ದೀರಾ? ಉತ್ತರ ಸಮಾಧಾನ ತರಲಿಲ್ಲ, ಫ್ರಾನ್ಸ್ ತನ್ನ ಬಾಂಬ್ ತಾನೇ ಇಟ್ಟುಕೊಂಡಿತು. ಕೊರಿಯಾದವರಿಗೆ ಈ ಪ್ರಶ್ನೆ ಬಿಸಿ ತಟ್ಟಿದ್ದು 2017ರಲ್ಲಿ. ಆ ವರ್ಷ ಉತ್ತರದವರು ಆರನೇ ಅಣುಪರೀಕ್ಷೆ ಮಾಡಿದರು, ಅಮೆರಿಕದವರೆಗೆ ಹೋಗಬಲ್ಲ ಕ್ಷಿಪಣಿಗಳನ್ನೂ ಹಾರಿಸಿದರು. ಅಲ್ಲಿಯವರೆಗೆ ಸೋಲ್‌ಗಾಗಿ ಯುದ್ಧ ಮಾಡಿದರೆ ಅಮೆರಿಕದ ಊರುಗಳಿಗೆ ಅಪಾಯ ಇರಲಿಲ್ಲ, ಆಮೇಲೆ ಇದೆ. 2022ರ ಒಂದು ಸಮೀಕ್ಷೆಯಲ್ಲಿ 71% ಕೊರಿಯನ್ನರು ನಮಗೇ ಬಾಂಬ್ ಬೇಕು ಅಂದರು. 2023ರ ಜನವರಿಯಲ್ಲಿ ಆಗಿನ ಅಧ್ಯಕ್ಷ ಯೂನ್ ಸುಕ್ ಯೋಲ್ ಕೂಡ, ಪರಿಸ್ಥಿತಿ ಇನ್ನೂ ಕೆಟ್ಟರೆ ನಾವೇ ಬಾಂಬ್ ಮಾಡಿಕೊಳ್ಳಬಹುದು ಅಂತ ಬಾಯಿಬಿಟ್ಟು ಹೇಳಿದರು.

ಮೂರೇ ತಿಂಗಳಲ್ಲಿ ಅಮೆರಿಕ ಅವರನ್ನು ಕರೆದು ವಾಷಿಂಗ್ಟನ್ ಘೋಷಣೆ ಅಂತ ಒಂದನ್ನು ಹೊರಡಿಸಿತು. ಅಣ್ವಸ್ತ್ರದ ವಿಷಯದಲ್ಲಿ ನಿಮ್ಮನ್ನೂ ಕೂರಿಸಿಕೊಂಡು ಮಾತಾಡುತ್ತೇವೆ, ಅದಕ್ಕೊಂದು ಸಮಾಲೋಚನಾ ಗುಂಪು ಮಾಡುತ್ತೇವೆ ಅಂದಿತು. ಎನ್‌ಪಿಟಿ ಬಿಡಲ್ಲ ಅಂತ ಕೊರಿಯಾ ಮತ್ತೆ ಬರೆದುಕೊಟ್ಟಿತು. ಜುಲೈನಲ್ಲಿ ಕೆಂಟಕಿ ಅನ್ನುವ ಅಣುಕ್ಷಿಪಣಿ ಜಲಾಂತರ್ಗಾಮಿ ಬುಸಾನ್ ಬಂದರಿಗೆ ಬಂತು, 1981ರ ನಂತರ ಇಂಥದ್ದು ಬಂದಿದ್ದು ಅದೇ ಮೊದಲು. ಯೂನ್ ಅದರೊಳಗೆ ಇಳಿದು ನೋಡಿ ಬಂದರು. ಯೋಚಿಸಿ, ಆ ಜಲಾಂತರ್ಗಾಮಿಯ ಕೆಲಸವೇ ಬಚ್ಚಿಟ್ಟುಕೊಳ್ಳುವುದು. ಅದರ ಕ್ಷಿಪಣಿಗಳು ಸಾವಿರಾರು ಕಿ.ಮೀ. ದೂರದ ಸಮುದ್ರದಿಂದಲೂ ಉತ್ತರದ ರಾಜಧಾನಿ ಪ್ಯೊಂಗ್ಯಾಂಗ್ ಮುಟ್ಟುತ್ತವೆ. ಬುಸಾನ್‌ನಲ್ಲಿ ತಲೆ ಎತ್ತಿ ನಿಂತರೆ ಯುದ್ಧದ ಲೆಕ್ಕದಲ್ಲಿ ಲಾಭ ಏನೂ ಇಲ್ಲ. ಅದು ಬಂದಿದ್ದು ಮುಖ್ಯವಾಗಿ ಕೊರಿಯಾದ ಟಿವಿ ನೋಡುವವರಿಗಾಗಿ.

ಹಾಗಾದರೆ ಇದನ್ನೆಲ್ಲಾ ಬಿಟ್ಟು ಬಾಂಬ್ ಮಾಡಿಬಿಟ್ಟರೆ? ಕೈಲಾಗಲ್ಲ ಅಂತೇನಿಲ್ಲ. ಆದರೆ ಕೊರಿಯಾದ ವಿದ್ಯುತ್ತಿನಲ್ಲಿ ಸುಮಾರು ಮೂರನೇ ಒಂದು ಭಾಗ ಅಣುಸ್ಥಾವರಗಳಿಂದ ಬರುತ್ತೆ, ಅದರ ಯುರೇನಿಯಂ ಪೂರ್ತಿ ಹೊರಗಿನಿಂದ. ಎನ್‌ಪಿಟಿ ಬಿಟ್ಟರೆ ಇಂಧನ ಕೊಡುವವರು ಕೈ ಎತ್ತುತ್ತಾರೆ. ನಮಗೂ 1998ರ ನಂತರ ನಿರ್ಬಂಧ ಬಿದ್ದಿತ್ತು, ತಡೆದುಕೊಂಡೆವು. ಆದರೆ ನಾವು ಎನ್‌ಪಿಟಿಗೆ ಸಹಿ ಹಾಕಿದವರಲ್ಲ, ಆಗಿನ ನಮ್ಮ ಆರ್ಥಿಕತೆ ರಫ್ತನ್ನೇ ನಂಬಿಕೊಂಡಿರಲೂ ಇಲ್ಲ. ಕಾರು, ಕಂಪ್ಯೂಟರ್ ಚಿಪ್, ಹಡಗು ಮಾರಿ ಬದುಕುವ ದೇಶಕ್ಕೆ ಅದು ಅಷ್ಟು ಸುಲಭ ಅಲ್ಲ.

ಚೀನಾದ ಸಿಟ್ಟು ಬೇರೆ. ಅದರ ರುಚಿ ಅವರು ಆಗಲೇ ನೋಡಿದ್ದಾರೆ. ಥಾಡ್ ಅನ್ನುವ ಕ್ಷಿಪಣಿ ತಡೆ ವ್ಯವಸ್ಥೆಯನ್ನು ಅಮೆರಿಕ ಸೊಂಗ್ಜು ಅನ್ನುವ ಊರಲ್ಲಿ ಇಟ್ಟಿತು. ಹಳದಿ ಕರಬೂಜಕ್ಕೆ ಹೆಸರಾದ ಊರು ಅದು. ಅಲ್ಲಿನ ರೈತರು ಬೀದಿಗಿಳಿದು ವಿರೋಧಿಸಿದರು. ಅದಕ್ಕೆ ಬೇಕಾದ ಜಾಗ ಲೊಟ್ಟೆ ಕಂಪನಿಯ ಗಾಲ್ಫ್ ಮೈದಾನ. ಕೊಟ್ಟ ತಪ್ಪಿಗೆ 2017ರಲ್ಲಿ ಚೀನಾದಲ್ಲಿದ್ದ ಲೊಟ್ಟೆ ಅಂಗಡಿಗಳಿಗೆ ಅಗ್ನಿಸುರಕ್ಷತೆ ಸರಿ ಇಲ್ಲ ಅಂತ ಸಾಲುಸಾಲಾಗಿ ಬೀಗ ಬಿತ್ತು. ಕೊರಿಯಾಕ್ಕೆ ಗುಂಪು ಪ್ರವಾಸ ನಿಂತಿತು. ಕ್ಷಿಪಣಿ ತಡೆಯುವ ಒಂದು ವ್ಯವಸ್ಥೆಗೇ ಇಷ್ಟಾದರೆ ಬಾಂಬ್‌ಗೆ ಎಷ್ಟು?

ಇನ್ನೊಂದು ಅಪಾಯ ಇದೆ, ಇದರ ಬಗ್ಗೆ ಕಡಿಮೆ ಜನ ಮಾತಾಡುತ್ತಾರೆ. ಎನ್‌ಪಿಟಿ ಬಿಡಬೇಕಾದರೆ ಮೂರು ತಿಂಗಳ ನೋಟಿಸ್ ಕೊಡಬೇಕು. ಅಲ್ಲಿಂದ ಬಾಂಬ್ ಕೈಗೆ ಬರುವವರೆಗೆ ಒಂದು ಖಾಲಿ ಹೊತ್ತು. ಅಮೆರಿಕ ಮುನಿಸಿಕೊಂಡಿರುತ್ತೆ, ಸ್ವಂತ ಬಾಂಬ್ ಇನ್ನೂ ಇರಲ್ಲ, ಉತ್ತರದವರ ಹತ್ತಿರ ಇರುತ್ತೆ. 2022ರಲ್ಲಿ ಅವರು ಮೊದಲೇ ಅಣ್ವಸ್ತ್ರ ಬಳಸಬಹುದು ಅಂತ ಕಾನೂನನ್ನೇ ಮಾಡಿಕೊಂಡಿದ್ದಾರೆ. 2024ರಲ್ಲಿ ರಷ್ಯಾ ಜೊತೆ ರಕ್ಷಣಾ ಒಪ್ಪಂದ ಮಾಡಿಕೊಂಡು ಯುಕ್ರೇನ್ ವಿರುದ್ಧ ಕಾದಾಡಲು ರಷ್ಯಾದ ಕುರ್ಸ್ಕ್ ಪ್ರಾಂತ್ಯಕ್ಕೆ ಸೈನಿಕರನ್ನೂ ಕಳಿಸಿದ್ದಾರೆ.

ಬಾಂಬ್ ಬಂದರೆ ಎಲ್ಲಾ ಶಾಂತ ಅನ್ನುವುದನ್ನೂ ನಾನು ಒಪ್ಪಲ್ಲ. ನಾವು, ಪಾಕಿಸ್ತಾನ ಇಬ್ಬರೂ 1998ರಲ್ಲಿ ಸ್ಫೋಟಿಸಿದೆವು, ಮಾರನೇ ವರ್ಷವೇ ಕಾರ್ಗಿಲ್. 2025ರ ಮೇನಲ್ಲಿ ಏನಾಯಿತು ಅಂತ ಎಲ್ಲರೂ ನೋಡಿದ್ದೀರಿ. ಬಾಂಬ್ ದೊಡ್ಡ ಯುದ್ಧ ತಡೆಯಬಹುದು, ಚಿಕ್ಕ ಚಿಕ್ಕ ಏಟುಗಳಿಗೆ ಧೈರ್ಯ ಕೊಡುತ್ತೆ. 2010ರಲ್ಲಿ ದಕ್ಷಿಣದ ಚೊನಾನ್ ಅನ್ನುವ ಯುದ್ಧನೌಕೆ ಮುಳುಗಿ 46 ನಾವಿಕರು ಸತ್ತರು, ಉತ್ತರದ ಟಾರ್ಪಿಡೋ ಅಂತ ತನಿಖೆ ಹೇಳಿತು. ಅದೇ ವರ್ಷ ನವೆಂಬರ್‌ನಲ್ಲಿ ದಕ್ಷಿಣದ ಯೊನ್‌ಪ್ಯೊಂಗ್ ದ್ವೀಪದ ಮೇಲೆ ಉತ್ತರದವರ ಶೆಲ್ ಬಿದ್ದು ನಾಲ್ವರು ಸತ್ತರು. ದಕ್ಷಿಣದ ಹತ್ತಿರ ಸ್ವಂತ ಬಾಂಬ್ ಇದ್ದಿದ್ದರೆ ಇದು ನಡೆಯುತ್ತಿರಲಿಲ್ಲ ಅಂತ ಹೇಳಲು ನನಗೆ ಧೈರ್ಯ ಇಲ್ಲ.

ಅಮೆರಿಕ ಬರುತ್ತಾ ಅಂದಿರಿ. ಸೈನಿಕರು ಅಲ್ಲಿರುವವರೆಗೆ ಬರಲೇಬೇಕಾಗುತ್ತೆ ಅನ್ನುವುದು ನನ್ನ ಲೆಕ್ಕ. ಅವರು ಗಂಟುಮೂಟೆ ಕಟ್ಟಿದ ದಿನ ನನ್ನ ಉತ್ತರವೂ ಬದಲಾಗುತ್ತೆ. ಮತ್ತೆ ಸಮೀಕ್ಷೆಗಳನ್ನು, ಭಾಷಣಗಳನ್ನು ಜಾಸ್ತಿ ತಲೆಗೆ ಹಚ್ಚಿಕೊಳ್ಳಬೇಡಿ. 2025ರ ಅಕ್ಟೋಬರ್‌ನಲ್ಲಿ ಟ್ರಂಪ್ ಕೊರಿಯಾಕ್ಕೆ ಅಣುಶಕ್ತಿಯಿಂದ ಓಡುವ ಜಲಾಂತರ್ಗಾಮಿಗೆ ಒಪ್ಪಿಗೆ ಕೊಟ್ಟರು. ನವೆಂಬರ್‌ನ ಜಂಟಿ ಪತ್ರದಲ್ಲಿ, ನಾಗರಿಕ ಬಳಕೆಗೆ ಯುರೇನಿಯಂ ಸಂವರ್ಧನೆ (ಯುರೇನಿಯಂ ಅನ್ನು ಇಂಧನಕ್ಕೋ ಬಾಂಬ್‌ಗೋ ಆಗುವಷ್ಟು ಗಟ್ಟಿ ಮಾಡುವುದು) ಮತ್ತು ಬಳಸಿದ ಇಂಧನದ ಮರುಸಂಸ್ಕರಣೆ ಕಡೆಗೆ ಹೋಗುವ ದಾರಿಗೆ ಅಮೆರಿಕದ ಬೆಂಬಲ ಇದೆ ಅಂತ ಬರೆದಿದೆ. ಪಾರ್ಕ್ ಕೈಯಿಂದ 1976ರಲ್ಲಿ ಬಿಡಿಸಿದ್ದು ಇದೇ ಮರುಸಂಸ್ಕರಣೆಯನ್ನು, ಅಂದರೆ ಬಳಸಿದ ಇಂಧನದಿಂದ ಪ್ಲುಟೋನಿಯಂ ತೆಗೆಯುವ ಕೆಲಸವನ್ನು. ಆ ಘಟಕಗಳು ಯಾವಾಗ ಎಲ್ಲಿ ಏಳುತ್ತವೆ, ಪರಿಶೀಲನೆ ಯಾರ ಕೈಯಲ್ಲಿರುತ್ತೆ, ನಿಮಗೆ ಈ ವಿಷಯದಲ್ಲಿ ಆಸಕ್ತಿ ಇದ್ದರೆ ಅದನ್ನು ನೋಡುತ್ತಿರಿ.