ನಾಟಕಕ್ಕೆ ಸ್ನೇಹಲತಾ ರೆಡ್ಡಿಯವರ ಕಥೆ ಮಾಡಿ

ರಾಜಕೀಯ ಕಾರಣಕ್ಕೆ ಜೈಲು ಕಂಡ ನಮ್ಮ ಕಡೆಯ ಕಲಾವಿದೆ ಯಾರು, ವಿರಾಜಪೇಟೆಯ ಕಾಲೇಜು ನಾಟಕಕ್ಕೆ ಬೇಕು ಅಂದಿದ್ದೀರಿ. ‘ಸಂಸ್ಕಾರ’ ಸಿನಿಮಾದಲ್ಲಿ ಚಂದ್ರಿಯ ಪಾತ್ರ ಮಾಡಿದ ಸ್ನೇಹಲತಾ ರೆಡ್ಡಿ. ತುರ್ತು ಪರಿಸ್ಥಿತಿ ಕಾಲದಲ್ಲಿ, 1976ರ ಮೇ ತಿಂಗಳಲ್ಲಿ ಹಿಡಿದು ಬೆಂಗಳೂರು ಸೆಂಟ್ರಲ್ ಜೈಲಿಗೆ ಹಾಕಿದರು. ಮೀಸಾ ಅಂದರೆ ಆಂತರಿಕ ಭದ್ರತಾ ಕಾಯ್ದೆ, ವಿಚಾರಣೆಯೇ ಇಲ್ಲ. ಅವರಿಗೆ ಆಸ್ತಮಾ ಜಾಸ್ತಿ ಇತ್ತು. ನಮ್ಮಮ್ಮನಿಗೂ ಇದೆ. ಮಡಿಕೇರಿ ಮಳೆಗಾಲದಲ್ಲಿ ಎಷ್ಟೋ ರಾತ್ರಿ ದಿಂಬಿಗೆ ಒರಗಿ ಕೂತೇ ಬೆಳಗು ಮಾಡುತ್ತಾರೆ. ಬೆನ್ನು ನೀವೋಕೆ ನಾವಿದ್ದೀವಿ, ಬಿಸಿನೀರಿದೆ. ಜೈಲಲ್ಲಿ ಸ್ನೇಹಲತಾ ಒಬ್ಬರೇ, ಅಲ್ವಾ? ನೆನೆದರೆ ಸಂಕಟವಾಗುತ್ತದೆ. 1977ರ ಜನವರಿ 15ಕ್ಕೆ ಪೆರೋಲ್ ಮೇಲೆ ಬಿಟ್ಟರು, 20ಕ್ಕೆ ತೀರಿಕೊಂಡರು. ಜೈಲಲ್ಲಿ ಬರೆದ ಡೈರಿ ಇದೆ, ಮೊದಲು ಅದನ್ನು ಓದಿ. ಆ ಜೈಲು ಈಗ ಫ್ರೀಡಂ ಪಾರ್ಕ್. ಹುಡುಗಿಯರನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿ.