ಅಪ್ಪನ ಟ್ರಂಕಿನ ಕ್ಯಾಸೆಟ್: ಮೊದಲ ಯಾವುದು?

ತಮ್ಮಾ, ಜಮಖಂಡಿ ಮನ್ಯಾಗ ಅಪ್ಪನ ಟ್ರಂಕಿನೊಳಗ ಎಂಬತ್ತು ಕ್ಯಾಸೆಟ್ ಸಿಕ್ಕಾವ, ಯಾವುದರಿಂದ ಶುರು ಮಾಡ್ಲಿ, ಕಂಪ್ಯೂಟರಿಗೆ ಹ್ಯಾಂಗ ಏರಿಸ್ಲಿ, ನಿಮಗ ಸೇರೂ ಹಾಡು ಯಾವು ಕಾಕಾರ ಅಂತ ಕೇಳಿದಿ.

ಹಾಡಿನ ಮಾತು ಆಮ್ಯಾಲೆ. ಮೊದಲ ಅಚ್ಚಿನ ಕವರ್ ಇಲ್ಲದ್ದು, ಅಪ್ಪ ಪೆನ್ನಿನಾಗ ಹೆಸರು ಬರದದ್ದು ಬ್ಯಾರೆ ತಗದಿಡು. ಸಿನಿಮಾ ಹಾಡು ಯೂಟ್ಯೂಬಿನಾಗ ಬಿದ್ದಾವ, ಓಡಿ ಹೋಗಂಗಿಲ್ಲ. ಜಾತ್ರ್ಯಾಗ ಬೆಳತನಕ ನಡದ ಶ್ರೀಕೃಷ್ಣ ಪಾರಿಜಾತದ ಆಟ, ಓಣಿ ಭಜನಿ, ಅಜ್ಜಿ ಹೇಳಿದ ಬೀಸೂಕಲ್ಲಿನ ಪದ ಇದ್ರ ಅವು ಆ ಒಂದ ರೀಲಿನ ಮ್ಯಾಲೆ ಅಷ್ಟ ಇರೂದು. ನಾ ಉಲ್ಟಾ ಮಾಡಿ ಕೆಟ್ಟೆ. ಹುರುಪಿನಾಗ ಪ್ರೇಮಲೋಕದಿಂದ ಶುರು ಹಚ್ಚಿದೆ. ಸ್ವಾದರಮಾವನ ಭಜನಿ ಕ್ಯಾಸೆಟ್ಟಿನ ಪಾಳಿ ಬರೂದ್ರಾಗ ರೀಲು ಒಂದಕ್ಕೊಂದು ಅಂಟಿತ್ತು. ಪ್ಲೇ ಒತ್ತಿದೆ, ಎರಡ ಸಾಲು ಹಾಡಿ ಟಪ್ಪಂತ ಹರೀತು.

ಅದಕ್ಕ ಕ್ಯಾಸೆಟ್ ಹಾಕೂ ಮೊದಲ ಅದರ ಕಿಟಕಿಯೊಳಗ ನೋಡು. ರೀಲಿನ ಅಂಚಿಗೆ ಬಿಳೇ ಬೂಷ್ಟು ಕಂಡ್ರ ಅದನ್ನ ಡೆಕ್ಕಿಗೆ, ಅಂದ್ರ ಕ್ಯಾಸೆಟ್ ನುಡಸೂ ಮಷೀನಿಗೆ ಹಾಕಬ್ಯಾಡ, ಉಳಿದವುಕ್ಕೂ ಹತ್ತತೈತಿ. ನಡುವಿನ ಸ್ಪ್ರಿಂಗ್ ಪಟ್ಟಿ ಮ್ಯಾಲೆ ಸಣ್ಣ ಮೆತ್ತನ್ನ ತುಂಡು ಇರತೈತಲ್ಲ, ಅದು ಉದುರಿದ್ರ ದನಿ ಒಳಗ ಹೋದಂಗ ಕೇಳತೈತಿ. ಕೆಟ್ಟ ಕ್ಯಾಸೆಟ್ಟಿಂದ ಬಿಚ್ಚಿ ಹಚ್ಚು. ಡೆಕ್ಕಿನೊಳಗ ರೀಲು ತಾಗೂ ಹೆಡ್ಡು, ರಬ್ಬರ್ ಗಾಲಿ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಯಿಂದ ಒರಸು. ಕ್ಯಾಸೆಟ್ಟಿನ ಹಿಂದಿನ ಅಂಚಿನ ಎರಡೂ ಪ್ಲಾಸ್ಟಿಕ್ ಹಲ್ಲು ಮುರದುಬಿಡು, ಅಂದ್ರ ಕೈತಪ್ಪಿ ರೆಕಾರ್ಡ್ ಒತ್ತಿದ್ರೂ ಅಳಿಯಂಗಿಲ್ಲ. ಡೆಕ್ಕಿನ ಲೈನ್ ಔಟಿನಿಂದ ಕಂಪ್ಯೂಟರಿನ ಲೈನ್ ಇನ್ನಿಗೆ ವಾಯರ್ ಹಾಕು, ಅಡಾಸಿಟಿ ಅನ್ನೂ ರೆಕಾರ್ಡಿಂಗ್ ಸಾಫ್ಟ್‌ವೇರಿನೊಳಗ ಸ್ಯಾಂಪಲ್ ರೇಟ್ 44,100 ಹರ್ಟ್ಸ್ ಇಟ್ಟು, ದನಿ ಕೆಡದಂಗ ವೇವ್ ಫೈಲ್ ಮಾಡು. ಎಂಪಿತ್ರೀ ಆಮ್ಯಾಲೆ ಯಾವಾಗ ಬೇಕಾದ್ರೂ ಆಗತೈತಿ. ಒಬ್ಬ ಅಂಗಡ್ಯಾವಗ ನಾಕು ಕ್ಯಾಸೆಟ್ ಕೊಟ್ಟಿದ್ದೆ. ಸ್ಪೀಕರ್ ಮುಂದ ಮೊಬೈಲ್ ಹಿಡದು ರೆಕಾರ್ಡ್ ಮಾಡಿದ್ದ, ಹಾಡಿಗಿಂತ ಫ್ಯಾನಿನ ಸಪ್ಪಳನ ಜಾಸ್ತಿ! ತಾಸಿನ ಕ್ಯಾಸೆಟ್ಟಿಗೆ ಒಂದು ತಾಸ ಬೇಕು, ಅವಸರ ನಡಿಯಂಗಿಲ್ಲ.

ಇನ್ನ ನನ್ನ ಹಾಡು. ನಾ ಬೆಳದದ್ದು ರಬಕವಿ ಮಗ್ಗದ ಶೆಡ್ಡಿನಾಗ. ಖಟಕ್ ಖಟಕ್ ನಡುವ ಕೇಳಿಸೂ ಕಂಠ ಮಾತ್ರ ನಮಗ ಹಾಡು. 1967ರ ಬೆಳ್ಳಿಮೋಡದಾಗ ಎಸ್. ಜಾನಕಿ ಹಾಡಿದ ಬೇಂದ್ರೆ ಅಜ್ಜನ 'ಮೂಡಲ ಮನೆಯ' ಬಂದ್ರ ಹನ್ನೆರಡ ಮಗ್ಗದ ಸಪ್ಪಳಾನೂ ಸೀಳಿ ಬರತಿತ್ತು. ಅದಕ್ಕೂ ಹಿಂದಿಂದು ಬೇಕಂದ್ರ 1943ರ ಕಿಸ್ಮತ್‌ನಾಗ ಅಮೀರಬಾಯಿ ಕರ್ನಾಟಕಿ ಕೇಳು. ಹಿಂದಿ ಹಾಡು ಖರೆ, ಆದ್ರ ಆ ಕಂಠ ನಮ್ಮ ಬೀಳಗಿದು. ನಿಮ್ಮ ಕಡೆ ಹುಡುಗರಿಗೇ ಇದು ಗೊತ್ತಿಲ್ಲ ಅಂದ್ರ ಹೊಟ್ಟಿ ಉರೀತೈತಿ.

ಬಿಡಿ ಹಾಡಲ್ಲ, ಇಡೀ ಕ್ಯಾಸೆಟ್ ಅಂದ್ರ 1978ರ ನಿತ್ಯೋತ್ಸವ. ನಿಸಾರ್ ಅಹಮದರ ಕವಿತೆ, ಮೈಸೂರು ಅನಂತಸ್ವಾಮಿ ರಾಗ. ಎ ಬದಿ ಮುಗಿದ ಮ್ಯಾಲೆ ಎದ್ದು ಬಿ ಬದಿ ತಿರುವೂದೂ ಕೇಳೂದ್ರಾಗ ಸೇರಿದ್ದು, ಹಾಡು ಹಾರಿಸಿ ಕೇಳಬ್ಯಾಡ. ಆ ಕಾಲದ್ದ ಇನ್ನೊಂದು ಕಾಡು ಕುದುರೆ ಸಿನಿಮಾದ ಹಾಡು. ಘೋಡಗೇರಿಯ ಕಂಬಾರರ ಪದಕ್ಕ ಶಿವಮೊಗ್ಗ ಸುಬ್ಬಣ್ಣನವರು ಬಾಯಿ ತಗದ್ರ ಖರೇನ ಕುದುರಿ ಓಡಿ ಬಂದಂಗ. ಆ ಹಾಡಿಕಿಗೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. 1997ರ ನಾಗಮಂಡಲ ಬಂದಾಗ ನಮ್ಮ ಮಾತಿನಾಗ ಹಾಡು ಕೇಳಿ ಶೆಡ್ಡಿನ ಹೆಣ್ಣಮಕ್ಕಳು ನೂಲಿನ ಕಂಡಿಕಿ ಸುತ್ತೂದು ಬಿಟ್ಟು ನಿಂತಿದ್ರು. 2006ರ ಮುಂಗಾರು ಮಳೆ ನನ್ನ ಮಗನ ಪಾಲಿಂದು, ಅಂವಗ ಸಿಡಿ ಬಂದಿತ್ತು.

ಡೆಕ್ ಇಲ್ಲಂದ್ರ ಕ್ಯಾಸೆಟ್ ಚೀಲದಾಗ ಹಾಕ್ಕೊಂಡು ರಬಕವಿಗೆ ಬಾ. ಮಗ್ಗ ನಿಂತ ಮ್ಯಾಲೆ, ರಾತ್ರಿ ಒಂಬತ್ತರ ನಂತರ. ಸಡಲಾದ ರೀಲು ತಿರುವಿ ಸುತ್ತಾಕ ಪೆನ್ಸಿಲ್ ನನ್ನ ಹತ್ರ ಐತಿ.