ರಸ್ತೆ ಮುಗಿದ ಮೇಲಿನ ಚಿಕಿತ್ಸೆ: ವೈದ್ಯರಲ್ಲದವರು ಕಲಿಯಬಹುದೇ?

ವಾರಾಂತ್ಯದಲ್ಲಿ ಕಾಸರಗೋಡಿನ ರಾಣಿಪುರಂ, ಕೊಟ್ಟಂಚೇರಿ ಗುಡ್ಡಗಳಿಗೆ ಹುಡುಗರನ್ನು ಕರೆದುಕೊಂಡು ಹೋಗುತ್ತೇನೆ, ವೈದ್ಯಕೀಯ ಓದಿಲ್ಲ, ಕಾಡಿನ ನಡುವೆ ಯಾರಿಗಾದರೂ ಅಪಾಯವಾದರೆ ತುರ್ತು ಚಿಕಿತ್ಸೆ ಕೊಡುವ ತರಬೇತಿ ನನ್ನಂಥವರಿಗೆ ಸಿಗುತ್ತದೆಯೇ, ಎರಡು ದಿನದ ಕೋರ್ಸು ಸಾಕೇ, ಜೊತೆಯಲ್ಲಿ ಏನೇನು ಇಟ್ಟುಕೊಂಡಿರಬೇಕು ಎಂದು ಕೇಳಿದ್ದೀರಿ. ತರಬೇತಿ ಸಿಗುತ್ತದೆ. ಹತ್ತು ಜನರ ಹೊಣೆ ಹೊತ್ತು ಕಾಡಿಗೆ ಹೋಗುವವರಿಗೆ ಎರಡು ದಿನ ಸಾಲದು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಏಕೆ ಎನ್ನುವುದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನಾನು ಮಂಗಳೂರಿನ ಒಂದು ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದಲ್ಲಿ ಶುಶ್ರೂಷಕ. ಹುಟ್ಟೂರು ಕಾಸರಗೋಡು ಜಿಲ್ಲೆಯ ಅಡೂರಿನಿಂದ ಆಚೆ, ಗುಡ್ಡದ ಬುಡದ ಅಡಿಕೆ ತೋಟ. ನನಗೆ ಹತ್ತೊಂಬತ್ತು ವರ್ಷವಾಗಿದ್ದಾಗ, ಆಷಾಢದ ಮಳೆಯಲ್ಲಿ, ಪಕ್ಕದ ತೋಟದ ಮಾವನಿಗೆ ಹಾವು ಕಚ್ಚಿತು. ರಕ್ತದ ಸಂಬಂಧದ ಮಾವನಲ್ಲ, ನಮ್ಮ ಕಡೆ ಹಿರಿಯರೆಲ್ಲ ಮಾವಂದಿರೇ. ಕೊಳಕುಮಂಡಲ ಎಂದು ಅವರೇ ಗುರುತಿಸಿದರು. ಹೆಗಲ ಮೇಲಿದ್ದ ಬೈರಾಸನ್ನು, ಅಂದರೆ ಟವೆಲನ್ನು, ಹರಿದು ಮೊಣಕಾಲಿನ ಕೆಳಗೆ ಬಿಗಿದು ಕಟ್ಟಿದವನು ನಾನು. ವಿಷ ಮೇಲೇರಬಾರದಲ್ಲ ಎಂದು ಒಂದು ಕೋಲು ತುರುಕಿ ತಿರುಚಿ ಇನ್ನಷ್ಟು ಬಿಗಿ ಮಾಡಿದೆ. ತೋಡಿನ ಸಂಕ, ಅಂದರೆ ಹಳ್ಳ ದಾಟುವ ಕಾಲುಸೇತುವೆ, ಹಿಂದಿನ ರಾತ್ರಿಯೇ ಕೊಚ್ಚಿಹೋಗಿತ್ತು. ಕುರ್ಚಿಯಲ್ಲಿ ಕೂರಿಸಿ, ಸುತ್ತುದಾರಿಯಲ್ಲಿ ಹೊತ್ತು, ಜೀಪು ಹಿಡಿದು ಆಸ್ಪತ್ರೆ ಮುಟ್ಟುವಾಗ ಎರಡೂವರೆ ಗಂಟೆ ಕಳೆದಿತ್ತು. ಬೈರಾಸಿನ ಕೆಳಗೆ ಕಾಲು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ವೈದ್ಯರು ಬೈಯಲಿಲ್ಲ, "ಕಟ್ಟಿದವರು ಯಾರು?" ಎಂದಷ್ಟೇ ಕೇಳಿದರು. ಮಾವ ಬದುಕಿದರು. ಎರಡು ಬೆರಳುಗಳನ್ನು ಕತ್ತರಿಸಬೇಕಾಯಿತು. ಇಂದಿಗೂ ಅವರು ಅಂಗಳ ದಾಟಿ ಬರುವಾಗ ನನ್ನ ಕಣ್ಣು ಮೊದಲು ಹೋಗುವುದು ಆ ಪಾದದ ಕಡೆಗೆ. ನಾನು ಶುಶ್ರೂಷೆ ಓದಲು ಹೋದದ್ದು ಅದರಿಂದಲೇ.

ಓದಿ, ಕೆಲಸಕ್ಕೆ ಸೇರಿ ಕೆಲವು ವರ್ಷಗಳಾದ ಮೇಲೆ ಒಂದು ಮಾತು ಮನಸ್ಸಿಗೆ ಬಂತು. ಆಸ್ಪತ್ರೆಯಲ್ಲಿ ನನ್ನ ಕೈಗೆಟುಕುವಲ್ಲಿ ಆಮ್ಲಜನಕ ಇದೆ, ನಾಡಿ ತೋರಿಸುವ ಯಂತ್ರ ಇದೆ, ಕೂಗಿದರೆ ಬರುವ ವೈದ್ಯರಿದ್ದಾರೆ. ಇವಾವುದೂ ಇಲ್ಲದ ನಮ್ಮ ತೋಟದಲ್ಲಿ ನಾನು ಆ ಹತ್ತೊಂಬತ್ತರ ಹುಡುಗನಿಗಿಂತ ಹೆಚ್ಚೇನು ಮಾಡಬಲ್ಲೆ? ಆ ಕಾರಣಕ್ಕೆ ರಜೆ ಹಾಕಿ ಹಿಮಾಲಯದ ತಪ್ಪಲಿಗೆ ಹೋಗಿ 'ವೈಲ್ಡರ್‌ನೆಸ್ ಫಸ್ಟ್ ರೆಸ್ಪಾಂಡರ್', ಅಂದರೆ ಆಸ್ಪತ್ರೆಯಿಂದ ದೂರದ ಜಾಗಗಳಲ್ಲಿ ಮೊದಲು ನೆರವಿಗೆ ಬರುವವರ ತರಬೇತಿ ಪಡೆದೆ. ನನ್ನ ತಂಡದಲ್ಲಿ ಚಾರಣದ ಮಾರ್ಗದರ್ಶಿಗಳು, ಒಬ್ಬ ಶಾಲಾ ಶಿಕ್ಷಕಿ, ದೋಣಿ ನಡೆಸುವವರು ಇದ್ದರು. ಆಸ್ಪತ್ರೆಯಿಂದ ಬಂದವನು ನಾನೊಬ್ಬನೇ. ಮೊದಲ ಎರಡು ದಿನ ಎಲ್ಲರಿಗಿಂತ ಹೆಚ್ಚು ತಡವರಿಸಿದವನೂ ನಾನೇ. ಆದುದರಿಂದ ವೈದ್ಯಕೀಯ ಓದಿಲ್ಲ ಎನ್ನುವ ಅಳುಕನ್ನು ಬಿಟ್ಟುಬಿಡಿ.

ಈ ವಿದ್ಯೆಯಲ್ಲಿ ಕಾಡು ಎನ್ನುವುದನ್ನು ಮರಗಳಿಂದ ಅಳೆಯುವುದಿಲ್ಲ. ಸರಿಯಾದ ಚಿಕಿತ್ಸೆ ಒಂದು ಗಂಟೆಗಿಂತ ಹೆಚ್ಚು ದೂರವಿದ್ದರೆ ಅದು ಕಾಡು. ಆ ಲೆಕ್ಕದಲ್ಲಿ ಮಳೆಗಾಲದ ದೇಲಂಪಾಡಿ, ಬಂದಡ್ಕ, ಪಾಣತ್ತೂರಿನ ಒಳತೋಟಗಳೆಲ್ಲ ಕಾಡೇ. ದೊಡ್ಡ ಚಿಕಿತ್ಸೆಗೆ ನಾವು ಇಂದಿಗೂ ಮಂಗಳೂರನ್ನೇ ನಂಬಿದವರು. ಕಾಸರಗೋಡು ಪೇಟೆಯಿಂದಲೇ ಅದು 50 ಕಿಲೋಮೀಟರ್ ದೂರ. ಪೇಟೆಯ ಪ್ರಥಮ ಚಿಕಿತ್ಸೆ ಆಂಬುಲೆನ್ಸ್ ಬರುವವರೆಗಿನ ಹತ್ತಿಪ್ಪತ್ತು ನಿಮಿಷಕ್ಕೆ. ಇಲ್ಲಿ ಅದೇ ಮನುಷ್ಯನ ಜೊತೆ ನಾಲ್ಕು ಗಂಟೆಯೋ, ಒಂದು ಇಡೀ ರಾತ್ರಿಯೋ ಕಳೆಯಬೇಕಾಗಬಹುದು. ಆತನಿಗೆ ಚಳಿಯಾಗುತ್ತದೆ, ಬಾಯಾರುತ್ತದೆ, ಮೂತ್ರ ಬರುತ್ತದೆ, ಭಯವಾಗುತ್ತದೆ. ಕಟ್ಟಿದ ಕಾಲು ಊದಿಕೊಂಡು ಕಟ್ಟು ಬಿಗಿಯಾಗುತ್ತದೆ. ಇದನ್ನೆಲ್ಲ ನೋಡಿಕೊಳ್ಳುವುದು ಮತ್ತು ಈಗಲೇ ಹೊರಡಬೇಕೇ, ಬೆಳಗಿನವರೆಗೆ ಕಾಯಬಹುದೇ ಎಂದು ತೀರ್ಮಾನಿಸುವುದು: ತರಬೇತಿಯ ಸಾರ ಇಷ್ಟೇ. ಎರಡು ದಿನದ ಕೋರ್ಸಿನಲ್ಲಿ, ಅಂದರೆ ಹದಿನಾರು ಗಂಟೆಗಳ ಆಸುಪಾಸಿನಲ್ಲಿ, ಏನು ಮಾಡಬೇಕು ಎನ್ನುವುದು ತಿಳಿಯುತ್ತದೆ. ಈ ತೀರ್ಮಾನದ ಶಕ್ತಿ ಬರುವುದು ಎಪ್ಪತ್ತು, ಎಂಬತ್ತು ಗಂಟೆಗಳ ದೊಡ್ಡ ಕೋರ್ಸಿನಲ್ಲಿ. ಏಕೆಂದರೆ ಅಲ್ಲಿ ಅರ್ಧಕ್ಕರ್ಧ ಸಮಯ ಹೊರಗೆ, ಸುಳ್ಳು ಗಾಯಾಳುಗಳ ನಡುವೆ ಕಳೆಯುತ್ತದೆ. ಬಣ್ಣದ ರಕ್ತ ಬಳಿದುಕೊಂಡು ಕಂದಕದಲ್ಲಿ ಬಿದ್ದು ನರಳುವವನನ್ನು ರಾತ್ರಿ ಟಾರ್ಚ್ ಬೆಳಕಿನಲ್ಲಿ ಹುಡುಕಿ, ಪರೀಕ್ಷಿಸಿ, ಹೊತ್ತು ತರಬೇಕು. ನಾಟಕ ಎಂದು ಗೊತ್ತಿದ್ದೂ ಕೈ ನಡುಗುತ್ತದೆ. ಆ ನಡುಕ ಅಲ್ಲೇ ಮುಗಿಯಲಿ ಎಂದೇ ಹಾಗೆ ಮಾಡಿಸುತ್ತಾರೆ.

ಮೊದಲ ಪಾಠ, ಓಡಬೇಡ ಎಂಬುದು. ನಿಂತು ನೋಡು. ಆತನನ್ನು ಬೀಳಿಸಿದ್ದು ನಿನ್ನನ್ನೂ ಬೀಳಿಸುತ್ತದೆಯೇ? ನಮ್ಮ ಊರಿನವರಿಗೆ ಇದನ್ನು ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗ, ಬಾವಿಗಳ ಮೂಲಕ ಹೇಳಿದರೆ ಬೇಗ ಅರ್ಥವಾಗುತ್ತದೆ. ಕೆಟ್ಟ ಗಾಳಿ ತುಂಬಿದ ಬಾವಿಗೆ ಇಳಿದವನು ಕುಸಿದ ಎಂದು ಅಣ್ಣ ಇಳಿಯುತ್ತಾನೆ, ಅಣ್ಣನ ಹಿಂದೆ ಇನ್ನೊಬ್ಬ ಇಳಿಯುತ್ತಾನೆ. ಒಂದು ಸಾವು ಮೂರಾಗುವುದು ಹೀಗೆ. ಹಿರಿಯರು ದೀಪ ಇಳಿಸಿ ನೋಡುತ್ತಿದ್ದರು. ದೀಪ ಆರಿದರೆ ಖಂಡಿತ ಇಳಿಯಬಾರದು. ಆದರೆ ಆರದೆ ಉರಿಯಿತು ಎಂದ ಮಾತ್ರಕ್ಕೆ ಒಳಗೆ ವಿಷಗಾಳಿ ಇಲ್ಲ ಎನ್ನುವಂತಿಲ್ಲ. 101ಕ್ಕೆ ಕರೆ ಮಾಡಿ ಅಗ್ನಿಶಾಮಕ ದಳದವರನ್ನು ಕಾಯುವ ಆ ಹೊತ್ತು ಬಹಳ ಕಠಿಣ. ಆದರೂ ಕಾಯಲೇಬೇಕು.

ಆಮೇಲೆ ಪ್ರಾಣಕ್ಕೆ ತಕ್ಷಣ ಕುತ್ತು ತರುವವುಗಳು: ಹರಿಯುವ ರಕ್ತ, ಕಟ್ಟಿದ ಉಸಿರುದಾರಿ, ನಿಂತ ಉಸಿರು. ಎದೆ ಒತ್ತುವುದು ನಿಮಗೆ ಗೊತ್ತಿರಬಹುದು, ನಿಮಿಷಕ್ಕೆ 100ರಿಂದ 120 ಸಲ, ಮೂವತ್ತು ಒತ್ತಿಗೆ ಎರಡು ಉಸಿರು. ತುಲಾ ಮಾಸದ (ಅಕ್ಟೋಬರ್-ನವೆಂಬರ್) ಮಧ್ಯಾಹ್ನ ಗುಡ್ಡದ ಮೇಲಿರುವವರು ಸಿಡಿಲಿನ ವಿಚಾರ ತಿಳಿದಿರಲೇಬೇಕು. ಸಿಡಿಲು ಬಡಿದವರ ಮೈಯಲ್ಲಿ ವಿದ್ಯುತ್ ಉಳಿದಿರುವುದಿಲ್ಲ, ಮುಟ್ಟಬಹುದು. ಹಲವರಿಗೆ ಒಟ್ಟಿಗೆ ಬಡಿದರೆ ನರಳುತ್ತಿರುವವರನ್ನು ಬಿಟ್ಟು ಉಸಿರಿಲ್ಲದೆ ಬಿದ್ದವರ ಬಳಿಗೆ ಮೊದಲು ಹೋಗಬೇಕು. ಸತ್ತಂತೆ ಕಾಣುವವರು ಮರಳಿ ಉಸಿರಾಡುವ ಸಾಧ್ಯತೆ ಅಲ್ಲಿ ಹೆಚ್ಚು. ಹಲವರು ಗಾಯಗೊಂಡ ಬೇರೆ ಅಪಘಾತಗಳಲ್ಲಿ ಸಾಮಾನ್ಯವಾಗಿ ಪಾಲಿಸುವ ಕ್ರಮಕ್ಕೆ ಇದು ಪೂರ್ತಿ ತಿರುವುಮುರುವು.

ಹಾವಿನ ವಿಷಯದಲ್ಲಿ ನಾನು ಕೇಳಿಕೊಳ್ಳುವುದು ಇಷ್ಟೇ: ಕಟ್ಟಬೇಡಿ, ಕೊಯ್ಯಬೇಡಿ, ಹೀರಬೇಡಿ, ಹಾವನ್ನು ಹುಡುಕುತ್ತ ಸಮಯ ಕಳೆಯಬೇಡಿ. ಕಚ್ಚಿಸಿಕೊಂಡವರನ್ನು ನಡೆಸದೆ, ಮುರಿದ ಕಾಲಿಗೆ ಮಾಡುವಂತೆ ಆ ಅಂಗ ಅಲುಗಾಡದ ಹಾಗೆ ಮಾಡಿ ಹೊತ್ತು ಸಾಗಿಸಿ. ಉಂಗುರ, ಕಾಲ್ಗೆಜ್ಜೆ ಇದ್ದರೆ ಊತ ಬರುವ ಮೊದಲೇ ತೆಗೆಯಿರಿ. ಬೇರೆ ಯಾರಾದರೂ ಮೊದಲೇ ಬಿಗಿದು ಕಟ್ಟಿದ್ದರೆ ಹಠಾತ್ತನೆ ಬಿಚ್ಚಬೇಡಿ, ಅದು ವೈದ್ಯರ ಎದುರಿನಲ್ಲೇ ಆಗಬೇಕು. ಕಟ್ಟುಹಾವು ಕಚ್ಚಿದರೆ ನೋವಾಗಲೀ ಊತವಾಗಲೀ ಇಲ್ಲದಿರಬಹುದು. ಕಣ್ಣ ರೆಪ್ಪೆ ತೂಗಲು ಶುರುವಾಗಿ, ಮಾತು ತೊದಲಿ, ಕೊನೆಗೆ ಉಸಿರಿಗೆ ಬರುತ್ತದೆ. ನಿದ್ದೆ ಬರುತ್ತಿದೆ ಎಂದುಕೊಂಡು ಮಲಗಿಸಿಬಿಡಬೇಡಿ. ನಮ್ಮ ಕಡೆಯ ಕಾಡು, ತೋಟಗಳ ತರಗೆಲೆಯಲ್ಲಿ ಮೂಗುಬ್ಬಿದ ಸಣ್ಣ ಮಂಡಲವೊಂದಿದೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆ ತಯಾರಿಸಿದ ನಮ್ಮ ದೇಶದ ಪ್ರತಿವಿಷ ಅದರ ವಿಷಕ್ಕೆ ಕೆಲಸ ಮಾಡುವುದಿಲ್ಲ, ಮೂತ್ರಪಿಂಡಗಳಿಗೆ ಹಾನಿಯಾಗಬಹುದು. ಸಣ್ಣ ಹಾವು ಎಂದು ಮನೆಯಲ್ಲೇ ಉಳಿಯುವವರನ್ನು ಬಲವಂತವಾಗಿಯಾದರೂ ಆಸ್ಪತ್ರೆಗೆ ಕರೆದೊಯ್ಯಿರಿ. ಹಾವಿನ ಚಿತ್ರ ದೂರದಿಂದ ಮೊಬೈಲಿನಲ್ಲಿ ಸಿಕ್ಕಿದರೆ ಒಳ್ಳೆಯದು, ಸಿಗದಿದ್ದರೂ ನಿಲ್ಲಬೇಡಿ.

ತರಬೇತಿ ನಿಜಕ್ಕೂ ಕೈಗೆ ಹತ್ತಿದೆ ಎಂದು ನನಗೆ ಅನ್ನಿಸಿದ್ದು ಮೂರು ವರ್ಷಗಳ ಹಿಂದೆ. ರಜೆಯಲ್ಲಿ ಮನೆಗೆ ಹೋಗಿದ್ದೆ. ಅಡಿಕೆ ಗೊನೆ ಹೊತ್ತು ಬರುತ್ತಿದ್ದ, ನಾವು ತಮ್ಮ ಎಂದೇ ಕರೆಯುವ ಹುಡುಗನೊಬ್ಬ ತೋಡಿನ ಬದಿಯ ಪಾಚಿಯಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡ. ಸುತ್ತ ನಿಂತವರು ಎತ್ತಿ ನಿಲ್ಲಿಸಲು ಹೊರಟಿದ್ದರು. ತಡೆದೆ. ತಲೆಯಿಂದ ಪಾದದವರೆಗೆ ಕೈಯಾಡಿಸಿ ನೋಡಿದೆ. ಕುತ್ತಿಗೆ, ಬೆನ್ನು ಸರಿ ಇದ್ದವು. ಚರ್ಮ ಹರಿದಿರಲಿಲ್ಲ. ಆತನ ಮನೆಮಾತು ತುಳು. ನಾನು ಕನ್ನಡದಲ್ಲಿ ನೋವು ಎಲ್ಲಿ ಎಂದಾಗ ಸುಮ್ಮನೆ ತಲೆಯಾಡಿಸಿದವನು, ತುಳುವಿನಲ್ಲಿ ಬೇನೆ ಓಳು ಎಂದು ಕೇಳಿದ ಕೂಡಲೇ ಬೆರಳಿಟ್ಟು ತೋರಿಸಿದ. ಇದನ್ನು ಯಾವ ಕೋರ್ಸಿನಲ್ಲಿಯೂ ಕಲಿಸುವುದಿಲ್ಲ. ತುಳು, ಮಲಯಾಳ, ಕನ್ನಡ, ಬ್ಯಾರಿ, ಮರಾಠಿ ಎಲ್ಲವೂ ಇರುವ ನಮ್ಮ ಜಿಲ್ಲೆಯಲ್ಲಿ ನೋವು, ಉಸಿರು, ತಲೆಸುತ್ತು ಎಂಬ ಮಾತುಗಳನ್ನು ಎಲ್ಲ ಭಾಷೆಗಳಲ್ಲಿಯೂ ಕಲಿತಿಟ್ಟುಕೊಳ್ಳಿ. ಪೆಟ್ಟು ಬಿದ್ದವರಿಗೆ ಆಮೇಲೆ ಕಲಿತ ಭಾಷೆ ಆ ಹೊತ್ತಿಗೆ ಒದಗದೆ ಹೋಗಬಹುದು.

ಪಟ್ಟಿ ಕಟ್ಟಲು ಹಲಗೆ ಇರಲಿಲ್ಲ. ತೋಟದಲ್ಲಿ ಬಿದ್ದಿದ್ದ ಅಡಿಕೆ ಹಾಳೆಗಳನ್ನು ಆರಿಸಿ ತರಿಸಿದೆ. ಮಳೆಯಲ್ಲಿ ನೆನೆದು ಅವು ತೊಗಲಿನಂತೆ ಮೆತ್ತಗಾಗಿದ್ದವು. ಪಂಚೆಯೊಂದನ್ನು ಮಡಚಿ ಕಾಲಿಗೆ ಸುತ್ತಿ, ಅದರ ಮೇಲೆ ಎರಡು ಹಾಳೆಗಳನ್ನು ದೋಣಿಯಂತೆ ಬಗ್ಗಿಸಿ, ಹಿಮ್ಮಡಿಯಿಂದ ತೊಡೆಯವರೆಗೆ ಹಿಡಿಸಿ, ಬೈರಾಸಿನ ಪಟ್ಟಿಗಳಿಂದ ಕಟ್ಟಿದೆವು. ಒಂಟಿ ಹಾಳೆ ಬಳುಕುತ್ತದೆ, ಒಂದರೊಳಗೊಂದು ಕೂರಿಸಿ ಕೊಳವೆಯಂತೆ ಮಾಡಿದರೆ ಬಳುಕುವುದಿಲ್ಲ. ಹೆಬ್ಬೆರಳನ್ನು ಮಾತ್ರ ಹೊರಗೆ ಬಿಟ್ಟೆ. ಪ್ರತಿ ಹದಿನೈದು ನಿಮಿಷಕ್ಕೊಮ್ಮೆ ಅದರ ಉಗುರನ್ನು ಒತ್ತಿ ಬಿಡುತ್ತಿದ್ದೆ. ಬಿಳಿಯಾದ ಉಗುರು ಎರಡು ಸೆಕೆಂಡಿನಲ್ಲಿ ಕೆಂಪಾದರೆ ರಕ್ತ ಓಡುತ್ತಿದೆ ಎಂದರ್ಥ. ಮೂರನೆಯ ಸಲ ಒತ್ತಿದಾಗ ಬಣ್ಣ ಮರಳಲು ತಡವಾಯಿತು. ಬೆರಳು ತಣ್ಣಗಿತ್ತು. ಆತನನ್ನು ಹೊತ್ತು ಸಾಗುತ್ತಿದ್ದ ನಾವು ಮಳೆಯಲ್ಲೇ ಕೆಳಗಿಳಿಸಿ, ಒಂದು ಕಟ್ಟು ಸಡಿಲಿಸಿ, ಬಣ್ಣ ಬರುವವರೆಗೆ ಅಲ್ಲೇ ಕುಳಿತೆವು. ಬೇಗ ಹೋಗೋಣ ಎಂದು ಹೊತ್ತವರು ಅವಸರ ಮಾಡುತ್ತಿದ್ದರು. ನನ್ನ ಕಣ್ಣೆದುರಿಗೆ ಇದ್ದದ್ದು ಮಾವನ ಪಾದ.

ಈಗ ಎಲ್ಲಿ ಕಲಿಯುವುದು ಎಂಬ ವಿಚಾರ. ಮಸ್ಸೂರಿಯ ವುಡ್‌ಸ್ಟಾಕ್ ಶಾಲೆಗೆ ಸೇರಿದ ಹನೀಫ್ಲ್ ಕೇಂದ್ರ ಇಂಥ ಕೋರ್ಸುಗಳನ್ನು ನಡೆಸುತ್ತ ಬಂದಿದೆ. ಪ್ರಮಾಣಪತ್ರ ಸಾಮಾನ್ಯವಾಗಿ ಎರಡು ಮೂರು ವರ್ಷ ಮಾತ್ರ ನಡೆಯುತ್ತದೆ, ಆಮೇಲೆ ಮರುತರಬೇತಿ ಬೇಕು. ಅದು ಸರಿಯಾದ ನಿಯಮವೇ, ಕೈ ಮರೆಯುತ್ತದೆ. ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯಲ್ಲಿ ಶೋಧ ಮತ್ತು ರಕ್ಷಣೆಯ ಕೋರ್ಸು ಇದೆ, ಆದರೆ ಮೊದಲು ಪರ್ವತಾರೋಹಣದ ಕೋರ್ಸುಗಳನ್ನು ಮುಗಿಸಿರಬೇಕು. ಅಷ್ಟು ದೂರ ಹೋಗುವ ಮೊದಲು ಊರಿನಲ್ಲೇ ಆರಂಭಿಸಿ. ರೆಡ್ ಕ್ರಾಸ್, ಸೇಂಟ್ ಜಾನ್ ಆಂಬುಲೆನ್ಸ್ ಪ್ರಥಮ ಚಿಕಿತ್ಸೆ ಕಲಿಸುತ್ತವೆ. ಕೇರಳದ ಅಗ್ನಿಶಾಮಕ ಇಲಾಖೆಯ ಅಡಿಯಲ್ಲಿ ಸಿವಿಲ್ ಡಿಫೆನ್ಸ್ ಸ್ವಯಂಸೇವಕರ ಪಡೆ ಇದೆ. ವಿಪತ್ತಿನಲ್ಲಿ ನೆರವಾಗುವ ಸ್ವಯಂಸೇವಕರಿಗಾಗಿ ಕೇಂದ್ರದ 'ಆಪದ ಮಿತ್ರ' ಯೋಜನೆಯಲ್ಲಿ ಹನ್ನೆರಡು ದಿನಗಳ ತರಬೇತಿ ಕೊಡುತ್ತಿದ್ದರು. ಪಾಠ ಮಲಯಾಳದಲ್ಲಿರುತ್ತದೆ ಎಂದು ನಮ್ಮ ಕನ್ನಡದ ಹುಡುಗರು ಹಿಂಜರಿಯುವುದನ್ನು ನೋಡಿದ್ದೇನೆ. ಹಿಂಜರಿಯಬೇಡಿ, ಗಂಟು ಹಾಕುವ ಕೈಗೆ ಭಾಷೆಯ ತೊಡಕಿಲ್ಲ. ಹಗ್ಗ, ಸ್ಟ್ರೆಚರ್, ನೆರೆನೀರು ಇವುಗಳ ಅನುಭವ ಅಲ್ಲಿ ಸಿಗುವಷ್ಟು ಬೇರೆ ಕಡೆ ಸಿಗದು.

ಒಂದು ಗಡಿ ನೆನಪಿರಲಿ. ಯಾವ ಪ್ರಮಾಣಪತ್ರ ಪಡೆದರೂ ನಾವು ವೈದ್ಯರಾಗುವುದಿಲ್ಲ. ಚುಚ್ಚುಮದ್ದು ಕೊಡುವ, ತಿಳಿಯದ ಮಾತ್ರೆ ನುಂಗಿಸುವ ಸಾಹಸ ಬೇಡ. ತಂಡದಲ್ಲಿ ಯಾರಿಗಾದರೂ ಹೆಜ್ಜೇನು, ಕಣಜ ಕಚ್ಚಿದರೆ ಉಸಿರು ಕಟ್ಟುವ ತೊಂದರೆ ಇದೆಯೇ ಎಂದು ಹೊರಡುವ ಮೊದಲೇ ಕೇಳಿಕೊಳ್ಳಿ. ಇದ್ದರೆ ಅವರ ವೈದ್ಯರು ಕೊಟ್ಟ ಔಷಧ ಅವರ ಚೀಲದಲ್ಲೇ ಇರಲಿ.

ಇನ್ನು ನಿಮ್ಮ ಚೀಲ. ಅಗಲದ ಬಟ್ಟೆ ಪಟ್ಟಿಗಳು, ಗಾಯ ತೊಳೆಯಲು ಸೂಜಿಯಿಲ್ಲದ ದೊಡ್ಡ ಸಿರಿಂಜು, ಶುದ್ಧ ನೀರು, ಕೈಗವಸು, ಕತ್ತರಿ, ಓಆರ್‌ಎಸ್ ಪೊಟ್ಟಣ, ಟಾರ್ಚು, ನೆಲದ ಚಳಿ ಏರದಂತೆ ಗಾಯಾಳುವಿನ ಕೆಳಗೆ ಹಾಸಲು ಒಂದು ದಪ್ಪ ಹಾಸು, ಮೇಲೆ ಹೊದಿಸಲು ಟಾರ್ಪಾಲು. ಜೊತೆಗೆ ಒಂದು ಪುಟ್ಟ ಪುಸ್ತಕ ಮತ್ತು ಪೆನ್ಸಿಲ್. ಪೆನ್ನು ಬೇಡ, ನಮ್ಮ ಮಳೆಗೆ ಶಾಯಿ ನಿಲ್ಲುವುದಿಲ್ಲ. ಗಂಟೆ, ನಾಡಿ, ಉಸಿರು, ಪ್ರಜ್ಞೆ, ಉಗುರಿನ ಬಣ್ಣ: ಹದಿನೈದು ನಿಮಿಷಕ್ಕೊಂದು ಸಾಲು. ಒಂದು ಸಾಲಿನಿಂದ ಏನೂ ತಿಳಿಯದು, ಆರು ಸಾಲು ಒಟ್ಟಿಗೆ ನೋಡಿದರೆ ಮನುಷ್ಯ ಚೇತರಿಸುತ್ತಿದ್ದಾನೆಯೇ, ಇಳಿಯುತ್ತಿದ್ದಾನೆಯೇ ಎಂದು ಗೊತ್ತಾಗುತ್ತದೆ. ಕಾಲು ಮುರಿದ ಆ ತಮ್ಮನನ್ನು ಇಳಿಸಿಕೊಂಡ ವೈದ್ಯರು ಮೊದಲು ಕೈಚಾಚಿದ್ದು ನಾನು ಬರೆದಿಟ್ಟಿದ್ದ, ಒದ್ದೆಯಾದ ಆ ಪುಟಕ್ಕೆ. ಓದಿ, ಕಟ್ಟು ಸಡಿಲಿಸಿದ ಸಾಲಿನ ಮೇಲೆ ಬೆರಳಿಟ್ಟು, "ಇದನ್ನು ಬರೆದವರು ಯಾರು?" ಎಂದು ಕೇಳಿದರು.